ಏಳನೇ ತಿಂಗಳ ಗೌನು

ನೀಲಿ ಗೌನಿನ ಜಿಪ್ಪು ಸೊಂಟದವರೆಗೆ ಸಲೀಸಾಗಿ ಬಂತು. ಅಲ್ಲಿಂದ ಮುಂದೆ ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಉಸಿರು ಹಿಡ್ಕೋ," ಅಂದ ಗಂಡ, ಹಿಂದೆ ನಿಂತು ಎರಡೂ ಕೈಯಲ್ಲಿ ಜಗ್ಗುತ್ತ.

"ನಾನು ಹಿಡ್ಕೊಂಡೇ ಇದ್ದೀನಿ. ಒಳಗಿರೋದೂ ಹಿಡ್ಕೋಬೇಕಲ್ಲ!"

ಮೂರು ವಾರದ ಹಿಂದೆ ಇದೇ ಗೌನು ಸರಿಯಾಗಿ ಹಿಡಿಸಿತ್ತು. ಅದನ್ನೇ ನಂಬಿ ನಿಶ್ಚಿಂತೆಯಿಂದ ಇದ್ದುಬಿಟ್ಟಿದ್ದಳು ಪುಟ್ಟಿ. ಚಿಕ್ಕಂದಿನಲ್ಲಿ ಕಡ್ಡಿಯಂತಿದ್ದಳೆಂದು ಬಿದ್ದ ಹೆಸರದು. ಈಗ ಏಳನೇ ತಿಂಗಳಲ್ಲಿ ಯಾರಾದರೂ "ಪುಟ್ಟೀ" ಎಂದು ಕೂಗಿದರೆ, ಕರೆದದ್ದು ನನ್ನನ್ನೇನಾ ಎಂದು ಅವಳಿಗೇ ಅನುಮಾನ. ಸಂಜೆ ನಾಲ್ಕಕ್ಕೆ ಮದುವೆ. ಮದುಮಗಳು ಗ್ರಂಥಾಲಯದಲ್ಲಿ ಐದು ವರ್ಷದಿಂದ ಅವಳ ಪಕ್ಕದ ಮೇಜಿನಲ್ಲಿ ಕೂತು, ಅಕ್ಕ ಅಕ್ಕ ಎಂದು ಹಿಂದೆಮುಂದೆ ಸುತ್ತುವ ಹುಡುಗಿ. ತಪ್ಪಿಸಿಕೊಳ್ಳುವ ಮಾತೇ ಇರಲಿಲ್ಲ.

ಗಂಡ ಇನ್ನೊಮ್ಮೆ ಜಗ್ಗಿದ. ಟಪ್ಪೆಂದು ಜಿಪ್ಪಿನ ಕೊಂಡಿ ಅವನ ಕೈಗೇ ಬಂತು. ಪುಟ್ಟಿ ಕಿಟಾರನೆ ಕಿರುಚಿದಳು.

"ಯಾರದು ಗಲಾಟೆ?" ಎಂದು ಎದುರು ಮನೆಯ ಹೆಡ್‌ಮಿಸ್ ಹಾಜರಾದರು. ನಿವೃತ್ತರಾಗಿ ಹತ್ತು ವರ್ಷವಾದರೂ ಇಡೀ ಮಹಡಿಯೇ ಅವರಿಗೆ ತರಗತಿ. ವಿಷಯ ತಿಳಿದು, ಮನೆಗೆ ಹೋಗಿ ತಮ್ಮ ಉದ್ದನೆಯ ಕಪ್ಪು ನಿಲುವಂಗಿ ತಂದರು. "ಹಾಕ್ಕೋ. ಕಪ್ಪಲ್ಲಿ ಹೊಟ್ಟೆ ಗೊತ್ತಾಗಲ್ಲ."

"ಯಾಕ್ರೀ ಗೊತ್ತಾಗ್ಬಾರ್ದು?" ಮೇಲಿನ ಮನೆಯ ನರ್ಸು ಮೆಟ್ಟಿಲ ಮೇಲಿಂದಲೇ ವಾದಕ್ಕಿಳಿದಳು. "ಬಸುರಿ ಅಂತ ಗೊತ್ತಾದ್ರೆ ತಾನೇ ಜನ ಎದ್ದು ಕುರ್ಚಿ ಬಿಡೋದು! ನನ್ನ ಕೆಂಪು ಗೌನು ಇದೆ, ರಬ್ಬರಿನ ಹಾಗೆ ಹಿಗ್ಗುತ್ತೆ."

ಪುಟ್ಟಿ ಕಪ್ಪು ತೊಟ್ಟಳು, ಬಿಚ್ಚಿದಳು. ಕೆಂಪು ತೊಟ್ಟಳು. ಅಷ್ಟರಲ್ಲಿ ಗಂಡ ವೀಡಿಯೊ ಕಾಲ್ ಮಾಡಿ ತನ್ನ ತಾಯಿಯ ಅಭಿಪ್ರಾಯ ಕೇಳಿಬಿಟ್ಟ.

"ಕೆಂಪಲ್ಲಿ ಬೆಂಕಿ ಆರಿಸೋ ಗಾಡಿ ಥರ ಕಾಣ್ತೀಯ ಕಣಮ್ಮ," ಅಂದರು ಅತ್ತೆ. "ಕಪ್ಪು ತೋರಿಸು... ಅಯ್ಯೋ, ಛತ್ರಿ ಬಿಚ್ಚಿ ಒಣಗೋಕೆ ಇಟ್ಟ ಹಾಗಿದೆ."

"ನಿಮಗೇನನ್ಸುತ್ತೆ?" ಪುಟ್ಟಿ ಅಳುಮುಖದಲ್ಲಿ ಗಂಡನತ್ತ ತಿರುಗಿದಳು.

"ಎರಡೂ ಚೆನ್ನಾಗಿದೆ."

"ಎರಡೂ ಒಟ್ಟಿಗೆ ಹಾಕ್ಕೊಳ್ಳಲಾ?"

"ಅದೂ ಚೆನ್ನಾಗಿರುತ್ತೆ."

ಹೆಡ್‌ಮಿಸ್‌ಗೂ ನರ್ಸಿಗೂ ಜೋರಾಗಿ ಜಟಾಪಟಿ ಹತ್ತಿತು. ಯಾರ ಬಟ್ಟೆ ತೊಟ್ಟರೂ ಇನ್ನೊಬ್ಬರ ಜೊತೆ ಮಾತು ಬಿಡಬೇಕಾದೀತು. ಪುಟ್ಟಿ ದಿಕ್ಕು ತೋಚದೆ, ಮನೆಯಲ್ಲಿ ತೊಡುವ ಬಟ್ಟೆಯಲ್ಲೇ ನೀಲಿ ಗೌನನ್ನು ಕಂಕುಳಲ್ಲಿಟ್ಟುಕೊಂಡು ಮೂಲೆಯ ಟೈಲರ್ ಅಂಗಡಿಗೆ ಓಡಿದಳು. ಓಡಿದಳು ಎನ್ನುವುದು ಮರ್ಯಾದೆಯ ಮಾತು; ದೋಣಿಯಂತೆ ತೊನೆಯುತ್ತ ತಲುಪಿದಳು.

ಟೈಲರ್ ಗೌನನ್ನು ನೋಡಿದ, ಅವಳನ್ನು ನೋಡಿದ, ಗಡಿಯಾರ ನೋಡಿದ. "ಇದಕ್ಕೆ ಬಟ್ಟೆ ಜೋಡಿಸ್ಬೇಕು ಅಂದ್ರೆ ಇನ್ನೊಂದು ಗೌನೇ ಬೇಕಮ್ಮ." ಆಮೇಲೆ ಏನೋ ಹೊಳೆದು, ಸ್ಟೂಲು ಹತ್ತಿ ಅಟ್ಟದಿಂದ ಒಂದು ಪೊಟ್ಟಣ ಇಳಿಸಿದ. "ಯಾರೋ ಹೊಲಿಸಿದ್ರು, ಬರ್ಲೇ ಇಲ್ಲ. ಹಾಕ್ಕೊಂಡು ಹೋಗಿ, ನಾಳೆ ತಂದ್ಕೊಡಿ."

ಕೆನೆಬಣ್ಣದ ಸಡಿಲ ಗೌನು. ಜಿಪ್ಪಿಲ್ಲ, ಹುಕ್ಕಿಲ್ಲ, ಹೆಗಲಿನಿಂದ ಸುಮ್ಮನೆ ಇಳಿಬಿದ್ದಿತ್ತು. ಕನ್ನಡಿಯಲ್ಲಿ ನೋಡಿಕೊಂಡ ಪುಟ್ಟಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು. ಅದನ್ನೇ ತೊಟ್ಟು ಮನೆಗೆ ಬಂದಾಗ ಹೆಡ್‌ಮಿಸ್ ಕೂಡ ತಲೆದೂಗಿದರು.

ಮದುವೆಯ ಹಾಲ್ ತಲುಪಿದಾಗ ಮೂರೂಮುಕ್ಕಾಲು. ಗಂಡ ಗಾಡಿ ನಿಲ್ಲಿಸಲು ಹೋದ. ಬಾಗಿಲಲ್ಲೇ ಯಾರೋ ಪುಟ್ಟಿಯ ಕೈ ಹಿಡಿದು, "ಮದುಮಗಳು ನಿಮ್ಮನ್ನೇ ಕೇಳ್ತಿದ್ದಾಳೆ," ಎಂದು ಒಳಕೋಣೆಗೆ ತಳ್ಳಿದರು.

ಒಳಗೆ ಮದುಮಗಳು ಕಣ್ಣೀರು ಸುರಿಸುತ್ತ ನಿಂತಿದ್ದಳು. ಮದುವೆಯ ಗೌನು ಬೆನ್ನುದ್ದಕ್ಕೂ ಬಾಯಿ ಬಿಟ್ಟಿತ್ತು.

"ಅಕ್ಕ, ನಿಮಗೊಬ್ರಿಗೇ ಹೇಳೋದು. ನನಗೂ ಮೂರು ತಿಂಗಳು... ನಾಲ್ಕು ಅನ್ಕೊಳ್ಳಿ."

ಪುಟ್ಟಿ ಕಣ್ಣು ಕಣ್ಣು ಬಿಟ್ಟಳು. "ಹುಡುಗನಿಗೆ ಗೊತ್ತಾ?"

"ಗೊತ್ತು. ಅಮ್ಮನಿಗೆ ಗೊತ್ತಿಲ್ಲ. ಅಮ್ಮ ಬಾಗಿಲಾಚೆ ನಿಂತಿದ್ದಾರೆ." ಅವಳ ನೋಟ ಕೆನೆಬಣ್ಣದ ಗೌನಿನ ಮೇಲೆ ನೆಟ್ಟಿತು. "ಅಕ್ಕಾ..."

"ಬೇಡಮ್ಮ," ಅಂದಳು ಪುಟ್ಟಿ. ಆದರೆ ಆ ಮುಖ ನೋಡಿ ಅವಳ ಕೈ ಆಗಲೇ ಗೌನಿನ ಅಂಚು ಹಿಡಿದಿತ್ತು.

ಐದು ನಿಮಿಷದಲ್ಲಿ ಮದುಮಗಳು ಸೊಂಟಕ್ಕೊಂದು ರಿಬ್ಬನ್ ಬಿಗಿದು, ಗೊಂಬೆಯಂತೆ ಹೊರಗೆ ನಡೆದಳು. ವಾದ್ಯ ಮೊಳಗಿತು. ಪುಟ್ಟಿ ಒಳಲಂಗದಲ್ಲಿ, ಕಿಟಕಿಯ ಪರದೆ ಸುತ್ತಿಕೊಂಡು ಕುರ್ಚಿಯಲ್ಲಿ ಕುಸಿದಳು. ಮದುಮಗಳು ಬರುವಾಗ ತೊಟ್ಟಿದ್ದ ಬಟ್ಟೆ ಗೂಟದಲ್ಲಿತ್ತು. ಅದು ಇವಳ ಒಂದು ತೋಳಿಗೆ ಸಾಕಾಗುತ್ತಿತ್ತು.

ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು. ಗಂಡನ ಪಿಸುದನಿ.

"ಪುಟ್ಟೀ, ಒಳಗಿದ್ದೀಯಾ? ಸದ್ಯ, ಹೊರಗೆ ಬರ್ಬೇಡ ಕಣೇ! ಮದುಮಗಳು ಥೇಟ್ ನಿನ್ನಂಥದೇ ಗೌನು ಹಾಕ್ಕೊಂಡು ಬಂದ್ಬಿಟ್ಟಿದ್ದಾಳೆ. ಅಕ್ಕಪಕ್ಕ ನಿಂತ್ರೆ ಜನ ನಗ್ತಾರೆ. ಬೇಗ ಬೇರೆ ಏನಾದ್ರೂ ಹಾಕ್ಕೊಂಡು ಬಾ!"

ಪುಟ್ಟಿ ಒಮ್ಮೆ ಮೇಜಿನ ಹೊದಿಕೆಯನ್ನು ನೋಡಿದಳು, ಒಮ್ಮೆ ಇನ್ನೊಂದು ಕಿಟಕಿಯ ಪರದೆಯನ್ನು. ಯಾವುದು ಒಪ್ಪುತ್ತದೆಂದು ಅವಳಿಗೆ ನಿಜವಾಗಿಯೂ ತಿಳಿಯಲಿಲ್ಲ.