ಒಂದೇ ಮಳೆಗೆ ಮೂರು ಉತ್ತರ

ಇಬ್ಬರ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸಕ್ಕಿಂತ ಹೀನವಾದ ಕೆಲಸ ಈ ಭೂಮಿಯ ಮೇಲೆ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮದುವೆ ದಲ್ಲಾಳಿಗೆ ಹೋಳಿಗೆಯಾದರೂ ಸಿಗುತ್ತದೆ, ವಕೀಲನಿಗೆ ಫೀಸಾದರೂ ಸಿಗುತ್ತದೆ. ದುಭಾಷಿಗೆ ಸಿಗುವುದು ಎರಡೂ ಕಡೆಯ ಬೈಗುಳ ಮಾತ್ರ. ಇದನ್ನು ನಾನು ಎಲ್ಲೋ ಓದಿ ಹೇಳುತ್ತಿಲ್ಲ. ನನ್ನ ಹೆಂಡತಿ ಗಿರಿಜೆಗೂ ಹಾನುಬಾಳಿನ ಹತ್ತಿರ ಕಾಫಿ ತೋಟ ಮಾಡಿಕೊಂಡಿರುವ ಅವಳ ಅಣ್ಣ ಮಲ್ಲೇಶಪ್ಪನವರಿಗೂ ಮಾತು ನಿಂತುಹೋಗಿದೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಮಾತು ನಿಲ್ಲಲು ಆಸ್ತಿಯ ಪಾಲು ಕಾರಣವಲ್ಲ, ಅತ್ತಿಗೆಯ ನಾಲಗೆ ಕಾರಣವಲ್ಲ, ನಾನು ಬರೆದ ಒಂದು ಕಂಪ್ಯೂಟರ್ ಪ್ರೋಗ್ರಾಂ ಕಾರಣ. ಪ್ರೋಗ್ರಾಂ ಬರೆದು ಬಂಗಲೆ ಕಟ್ಟಿಸಿದವರಿದ್ದಾರಂತೆ. ಬರೆದು ಹೆಂಡತಿಯ ತವರನ್ನು ಕಳೆದವನು ನಾನೊಬ್ಬನೇ ಇರಬೇಕು.

ಸಕಲೇಶಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಕಂಪ್ಯೂಟರ್ ಸೆಂಟರ್ ಇದೆ. ಸೆಂಟರ್ ಎಂದಾಕ್ಷಣ ದೊಡ್ಡದೇನೋ ಎಂದುಕೊಳ್ಳಬೇಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಮತ್ತು ಕರೆಂಟ್ ಹೋದಾಗಲೆಲ್ಲ ಹೆತ್ತಮ್ಮ ಸತ್ತಂತೆ ಕಿರುಚುವ ಒಂದು ಯುಪಿಎಸ್. ಊರಿನವರ ಪಾಲಿಗೆ ನಾನು ಮದುವೆ ಪತ್ರಿಕೆ ಮಾಡಿಕೊಡುವವನು. ಹಾಸನದಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತು ಬಂದವನು ಎಂಬುದು ನನಗೆ ಮತ್ತು ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟಿಗೆ ಮಾತ್ರ ಗೊತ್ತು. ಅಲ್ಲಿ ಪಾಠ ಹೇಳಿದ ಟೈ ಕಟ್ಟಿದ ಮೇಷ್ಟ್ರ ಪ್ರಕಾರ ಯಂತ್ರಕ್ಕೆ ನಮ್ಮ ಮಾತು ತಿಳಿಸಲು ಎರಡು ದಾರಿ. ಬರೆದದ್ದನ್ನೆಲ್ಲ ಆ ಯಂತ್ರದ ಭಾಷೆಗೆ ಮೊದಲೇ ತರ್ಜುಮೆ ಮಾಡಿ ಕೈಗಿಡುವುದು ಒಂದು. ಹಾಗೆ ಮಾಡಿದರೆ ಒಂದೊಂದು ಜಾತಿಯ ಯಂತ್ರಕ್ಕೂ ಒಂದೊಂದು ತರ್ಜುಮೆ ಬೇಕು. ಪ್ರತಿ ಯಂತ್ರದೊಳಗೂ ಇಂಟರ್‌ಪ್ರಿಟರ್ ಎಂಬ ಒಬ್ಬ ದುಭಾಷಿಯನ್ನು ಕೂರಿಸುವುದು ಇನ್ನೊಂದು. ಅವನು ನಾವು ಬರೆದದ್ದನ್ನು ಸಾಲುಸಾಲಾಗಿ ಓದುತ್ತ, ಅಲ್ಲಲ್ಲೇ ಯಂತ್ರಕ್ಕೆ ತಿಳಿಸುತ್ತ ಹೋಗುತ್ತಾನೆ. "ಒಂದ್ಸಲ ಬರೀರಿ, ಎಲ್ಲಿ ಬೇಕಾದ್ರೂ ಓಡಿಸ್ರಿ. ದುಭಾಷಿ ಇದ್ರೆ ಸಾಕು, ಯಂತ್ರ ಯಾವುದಾದ್ರೇನು?" ಎಂದು ಮೇಷ್ಟ್ರು ಮೇಜು ಕುಟ್ಟಿ ಹೇಳಿದ್ದರು. ದುಭಾಷಿ ಎಂಥವನು ಎಂದು ಕೇಳಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಆ ಮೇಷ್ಟ್ರು ಈಗ ಎಲ್ಲಿದ್ದಾರೋ ಗೊತ್ತಿಲ್ಲ. ಸಿಕ್ಕರೆ ಕರೆತಂದು ಗಿರಿಜೆಯ ಎದುರು ಕೂರಿಸಬೇಕೆಂದಿದ್ದೇನೆ.

ಹಾಗೆ ನೋಡಿದರೆ ದುಭಾಷಿಯ ಸ್ವಭಾವ ನನಗೆ ಮೊದಲೇ ತಿಳಿಯಬೇಕಿತ್ತು. ಭಾವನ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ಮೋನಪ್ಪ ಎಂಬ ರೈಟರ್ ಇದ್ದಾನೆ. ಲೈನ್ ಎಂಬ ಸಾಲುಮನೆಗಳಲ್ಲಿರುವ ತಮಿಳು ಆಳುಗಳಿಗೆ ಭಾವನ ಕನ್ನಡ ಅರ್ಥವಾಗದು, ಭಾವನಿಗೆ ಅವರ ತಮಿಳು ಅರ್ಥವಾಗದು. ಬೆಳಿಗ್ಗೆ ಭಾವ ಲೈನಿನ ಮುಂದೆ ನಿಂತು ಆಳುಗಳ ಸೋಮಾರಿತನದಿಂದ ಶುರುಮಾಡಿ ಅವರ ಅಜ್ಜ ಮುತ್ತಜ್ಜಂದಿರವರೆಗೆ ಬೈದು ಮುಗಿಸಿದಾಗ, ಮೋನಪ್ಪ ಅವರತ್ತ ತಿರುಗಿ ಎರಡೇ ಮಾತು ಹೇಳುತ್ತಿದ್ದ. ಅವರು ಕತ್ತಿ ಹಿಡಿದು ಹೊರಡುತ್ತಿದ್ದರು. "ಅಲ್ಲ ಮಾರಾಯ, ಅವ್ರು ಅಷ್ಟೊತ್ತು ಬೈದದ್ದನ್ನ ನೀನು ಎರಡು ಮಾತಲ್ಲಿ ಮುಗಿಸಿಬುಟ್ಟೆಯಲ್ಲ?" ಎಂದು ನಾನೊಮ್ಮೆ ಕೇಳಿದೆ. "ಎಲ್ಲಾನೂ ಹೇಳಿದ್ರೆ ನಾಳೆ ಲೈನ್ ಖಾಲಿ ಆಯ್ತದೆ ಕಣ್ರೀ. ಮೇಲಿನ ಬ್ಲಾಕಿಗೆ ಹೋಗಿ ಅಂದೆ. ಮಿಕ್ಕಿದ್ದು ನನ್ನತ್ರಾನೇ ಐತೆ" ಎಂದ. ಎಂಥ ಕಳ್ಳ ಎಂದುಕೊಂಡೆ. ಯಂತ್ರದೊಳಗಿನ ದುಭಾಷಿ ಇವನಂಥವನಲ್ಲ, ಅವನಿಗೆ ಭಯವಿಲ್ಲ, ದಾಕ್ಷಿಣ್ಯವಿಲ್ಲ, ಹೇಳಿದ್ದನ್ನು ಹೇಳಿದಂತೆ ಹೇಳುತ್ತಾನೆ ಎಂದು ಆ ಕ್ಷಣದಲ್ಲಿ ನನಗೆ ಹೆಮ್ಮೆಯೂ ಆಯಿತು. ನನ್ನ ಹೆಮ್ಮೆಗಳೆಲ್ಲ ಇಂಥವೇ.

ಇನ್ನು ಮಳೆಯ ವಿಷಯ. ಮಾರ್ಚಿನ ಹೊತ್ತಿಗೆ ಮೊಗ್ಗು ಕಟ್ಟಿ ನಿಂತ ಕಾಫಿ ಗಿಡಕ್ಕೆ ಹದವಾದ ಒಂದು ಮಳೆ ಬೇಕು. ಅದೇ ಹೂಮಳೆ. ಒಂದಿಂಚು ಬಿದ್ದರೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅದಕ್ಕಿಂತ ಕಡಿಮೆ ಬಿದ್ದರೆ ಬೀಳದೇ ಇದ್ದದ್ದಕ್ಕಿಂತ ಕೇಡು, ಮೊಗ್ಗು ಅರ್ಧ ಬಾಯಿ ಬಿಟ್ಟು ಹಾಗೇ ಕರಕಲಾಗುತ್ತದೆ. ಕಡಿಮೆ ಬಿದ್ದಷ್ಟನ್ನು ಕೂಡಲೇ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರಿನಲ್ಲಿ ತುಂಬಿಕೊಡಬೇಕು. ಇಂಚನ್ನು ನೂರು ಭಾಗ ಮಾಡಿ ಒಂದೊಂದು ಭಾಗಕ್ಕೆ ಸೆಂಟ್ ಎನ್ನುತ್ತಾರೆ. ಮಳೆ ನಿಂತ ಮರುಗಳಿಗೆ ಸಕಲೇಶಪುರದಿಂದ ಆಲೂರಿನವರೆಗೆ ಫೋನುಗಳು ಬಡಿದುಕೊಳ್ಳುತ್ತವೆ: "ನಿಮ್ಮಲ್ಲೆಷ್ಟು?" ಈ ಪ್ರಶ್ನೆಗೆ ನಿಜ ಹೇಳಿದ ಬೆಳೆಗಾರನನ್ನು ನಾನಿನ್ನೂ ಕಂಡಿಲ್ಲ. ಬೇಲಿಯಾಚೆ ಎಪ್ಪತ್ತು ಸೆಂಟ್ ಬಿದ್ದಿದ್ದರೆ ಈಚೆ ಎಂಬತ್ತು ಬಿದ್ದಿರಲೇಬೇಕು. ಬೆಳಗೋಡಿನಲ್ಲಿ ಬರೀ ಗದ್ದೆ ಮಾಡಿಕೊಂಡಿದ್ದ ನಮ್ಮಪ್ಪ, "ಮೋಡಕ್ಕೂ ಇವ್ರ ಅಂತಸ್ತು ಗೊತ್ತಾಯ್ತದೆ ಅಂತ ಕಾಣ್ತೈತೆ" ಎನ್ನುತ್ತಿದ್ದರು. ಎಲ್ಲರೂ ಸುಳ್ಳು ಹೇಳುವುದರಿಂದ ಯಾರೂ ಯಾರನ್ನೂ ನಂಬುವುದಿಲ್ಲ. ನಂಬುವಂಥದ್ದೇನಾದರೂ ಸಿಕ್ಕರೆ ಕಣ್ಣು ಮುಚ್ಚಿಕೊಂಡು ನಂಬಿಬಿಡುತ್ತಾರೆ.

ಸಿಕ್ಕಿದ್ದು ಕಂಪ್ಯೂಟರ್. ಆಗಿನ್ನೂ ಮೊಬೈಲ್ ಸಿಗ್ನಲ್ ಬೇಕಾದರೆ ಹಾನುಬಾಳಿನ ಗುಡ್ಡದ ನೆತ್ತಿ ಹತ್ತಬೇಕಾಗಿದ್ದ ಕಾಲ. ಭಾವ ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರ್ ತಂದು ತೋಟದ ಆಫೀಸಿನಲ್ಲಿಟ್ಟು, ಹೂವಿನ ಚಿತ್ರದ ಬಟ್ಟೆ ಹೊದಿಸಿದ್ದರು. ಅವರ ಷಡ್ಡಕರು ಹೊರದೇಶದಿಂದ ತಂದುಕೊಟ್ಟ ಅಂಗೈಯಗಲದ ಇನ್ನೊಂದು ಕಂಪ್ಯೂಟರ್ ಅವರ ಜೇಬಿನಲ್ಲಿತ್ತು. ಅದು ಅಲ್ಲಿಯವರೆಗೆ ಗಡಿಯಾರ ನೋಡಲು ಮಾತ್ರ ಬಳಕೆಯಾಗುತ್ತಿತ್ತು. "ಇವೆರಡರಲ್ಲೂ ಓಡ್ಬೇಕು, ನಿನ್ನಂಗಡೀಲೂ ಓಡ್ಬೇಕು, ಅಂಥದ್ದೊಂದು ಮಳೆ ಲೆಕ್ಕ ಮಾಡ್ಕೊಡೋ" ಎಂದರು. ಬದುಕಿನಲ್ಲಿ ಮೊದಲ ಸಲ ಯಾರೋ ನನ್ನಿಂದ ಮದುವೆ ಪತ್ರಿಕೆಯಲ್ಲದ ಬೇರೇನನ್ನೋ ಕೇಳಿದ್ದರು. ಊಟ ನಿದ್ದೆ ಬಿಟ್ಟು ಬರೆದೆ. ಒಂದೊಂದು ಬ್ಲಾಕಿನ ಮಳೆಯನ್ನೂ ಒತ್ತಿದರೆ, ಸರಾಸರಿ ತೆಗೆದು, ಇಷ್ಟು ಬಿದ್ದಿದೆ, ಇನ್ನಿಷ್ಟು ನೀರು ಕೊಡಿ ಎಂದು ಹೇಳುವ ಪ್ರೋಗ್ರಾಂ. ಮೊದಲು ಸೆಂಟಿನಲ್ಲೇ ತೋರಿಸುವಂತೆ ಮಾಡಿದ್ದೆ. ಭಾವನ ಮುಖ ಗಂಟಾಯಿತು. "ಸೆಂಟ್ ಲೆಕ್ಕ ಅರ್ಧ ಎಕರೆಯವ್ರದ್ದು ಕಣೋ. ನಮ್ಮಪ್ಪ ಇಂಚಿಂದ ಕೆಳಗೆ ಮಾತಾಡ್ದೋರೇ ಅಲ್ಲ. ಇಂಚಲ್ಲೇ ಬರ್ಲಿ." ಸರಿ ಎಂದು ನೂರರಿಂದ ಭಾಗಿಸಿದೆ. ಮೂರು ಯಂತ್ರದಲ್ಲೂ ಪರೀಕ್ಷೆಯಾಯಿತು. ಅಂಕಿಗಳನ್ನು ಭಾವನೇ ಹೇಳಿದರು: ಒಂದಿಂಚು, ಎರಡಿಂಚು, ಮೂರಿಂಚು. ಮೂರೂ ಯಂತ್ರಗಳು ಒಂದೇ ದನಿಯಲ್ಲಿ ಸರಿಯುತ್ತರ ಕೊಟ್ಟವು. ತಮ್ಮ ತೋಟಕ್ಕೆ ಇಂಚಿಗಿಂತ ಕಡಿಮೆ ಮಳೆ ಬೀಳಬಹುದು ಎಂಬ ಮಾತು, ಪರೀಕ್ಷೆಗಾದರೂ, ಅವರ ಬಾಯಲ್ಲಿ ಬರಲಿಲ್ಲ. ನನಗೂ ಆ ಹೊತ್ತಿನಲ್ಲಿ ಭಾವ ಬೆನ್ನು ತಟ್ಟಿದ್ದೇ ದೊಡ್ಡದಾಗಿತ್ತು.

ಆ ತೋಟದ ಕೆಳತುದಿಯಲ್ಲಿ, ಸ್ಪ್ರಿಂಕ್ಲರ್ ಪೈಪು ಮುಗಿಯುವಲ್ಲಿ, ಗಿರಿಜೆಯದೊಂದು ಪಟ್ಟಿ ಜಮೀನು ಇದೆ. ಮದುವೆಯಲ್ಲಿ ಅಣ್ಣ ಅರಿಶಿನ ಕುಂಕುಮಕ್ಕೆಂದು ಬಾಯಿಮಾತಿನಲ್ಲಿ ಕೊಟ್ಟದ್ದು. ಹೂವಾದ ದಿನ ಹೋಗಿ ಆ ಗಿಡಗಳ ನಡುವೆ ಸ್ವಲ್ಪ ಹೊತ್ತು ಕೂತು ಬರದಿದ್ದರೆ ಅವಳಿಗೆ ಆ ವರ್ಷ ಯುಗಾದಿಯೇ ಇಲ್ಲ. ಅಣ್ಣನೂ ಅವತ್ತು ಬೇರೆ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಇಬ್ಬರೂ ಅಪ್ಪನ ವಿಷಯ ಮಾತಾಡುತ್ತಿದ್ದರು. ನನಗೆ ಅಲ್ಲಿ ಜಾಗವಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಆ ಸಲದ ಹೂಮಳೆ ಬಿದ್ದ ದಿನ ಭಾವ ಆಲೂರಿನಲ್ಲಿ ನೆಂಟರ ಮದುವೆಯಲ್ಲಿದ್ದರು. ಆಲೂರಿನಲ್ಲಿ ಒಂದು ಹನಿಯೂ ಇರಲಿಲ್ಲ. ತೋಟದಲ್ಲಿ ಎಲ್ಲ ಬ್ಲಾಕಿಗೂ ಹೆಚ್ಚುಕಡಿಮೆ ಎಂಬತ್ತು ಸೆಂಟ್ ಬಿತ್ತು. ಮೋನಪ್ಪ ಆಫೀಸಿನ ಕಂಪ್ಯೂಟರಿಗೆ ಅಂಕಿ ಒತ್ತಿದ. ಅದರೊಳಗಿನ ದುಭಾಷಿ ಧಾರಾಳಿ, ಎಂಬತ್ತನ್ನು ನೂರಕ್ಕೇರಿಸಿ "ಒಂದಿಂಚು, ನೀರು ಬೇಡ" ಎಂದ. ಮೋನಪ್ಪ ಅದೇ ಅಂಕಿಗಳನ್ನು ಮದುವೆ ಮನೆಗೆ ಫೋನಿನಲ್ಲಿ ಹೇಳಿದ. ಭಾವ ನಾಲ್ಕು ಜನ ನೋಡಲಿ ಎಂದು ಪಂಕ್ತಿಯ ಮಧ್ಯದಲ್ಲೇ ಜೇಬಿನಿಂದ ಯಂತ್ರ ತೆಗೆದು ಒತ್ತಿದರು. ಅದರೊಳಗಿನ ದುಭಾಷಿಗೆ ದಶಾಂಶವೆಂದರೇನೆಂದೇ ತಿಳಿಯದು. ಒಂದು ಪೂರ್ತಿಯಾಗದ್ದೆಲ್ಲ ಅವನಿಗೆ ಸೊನ್ನೆ. "ಮಳೆ ಇಲ್ಲ, ಪೂರ್ತಿ ಒಂದಿಂಚು ನೀರು ಕೊಡಿ" ಎಂದ. "ಸೊನ್ನೆ ಅಂತೈತೆ ಕಣೋ. ಎಂಬತ್ತು ಗಿಂಬತ್ತು ಅಂತ ಬುರುಡೆ ಬಿಡ್ಬೇಡ. ಮೋಟಾರ್ ಹಾಕು" ಎಂದು ಭಾವ ಗದರಿದರು. ನೆನೆದು ತೊಪ್ಪೆಯಾಗಿ ನಿಂತಿದ್ದ ಮೋನಪ್ಪ, "ಅಯ್ಯಾ, ಇಲ್ಲಿ ಒಂದಿಂಚು ಅಂತ ತೋರ್ತಾ ಐತೆ" ಎಂದ. ಯಜಮಾನರ ಯಂತ್ರ ಹೊರದೇಶದ್ದು, ಅದೇ ಗೆದ್ದಿತು.

ಮೋಟಾರ್ ಹಾಕಿದ ಮೇಲೆ ಮೋನಪ್ಪ ಮನಸ್ಸು ತಡೆಯದೆ ನನ್ನ ಅಂಗಡಿಗೆ ಫೋನ್ ಮಾಡಿದ. ನಾನು ಅಂಕಿಗಳನ್ನು ಒತ್ತಿದೆ. ಗಿರಿಜೆ ಊಟದ ಡಬ್ಬಿ ತಂದವಳು ಹೆಗಲ ಹಿಂದೆ ನಿಂತು ನೋಡುತ್ತಿದ್ದಳು. ನನ್ನ ದುಭಾಷಿ ಪ್ರಾಮಾಣಿಕ. ಸೊನ್ನೆ ಬಿಂದು ಎಂಟು, ಇನ್ನಿಪ್ಪತ್ತು ಸೆಂಟ್ ಕೊಟ್ಟರೆ ಸಾಕು ಎಂದ. ಇಪ್ಪತ್ತರಂತೆ ಕೊಟ್ಟರೆ ಆ ಕೆರೆಯ ನೀರು ಇಡೀ ತೋಟಕ್ಕೆ, ತುದಿಯ ಪಟ್ಟಿಗೂ ಸೇರಿ, ಸಾಕಾಗುತ್ತಿತ್ತು. ಇಂಚಿನಂತೆ ಸುರಿದರೆ ಮೇಲಿನ ಬ್ಲಾಕುಗಳಿಗೇ ಮುಗಿಯುತ್ತಿತ್ತು. ಗಾಬರಿಯಿಂದ ಭಾವನಿಗೆ ಫೋನ್ ಮಾಡಿದೆ. ಹಿಂದೆ ವಾಲಗ ಬಡಿಯುತ್ತಿತ್ತು. "ಸೊನ್ನೆ ಅಂದಿದ್ದೂ ನಿಂದೇ ಪ್ರೋಗ್ರಾಂ. ಈಗ ನೀನೇ ಬೇರೆ ಹೇಳ್ತಾ ಇದ್ದೀಯ. ನಿನ್ನ ನಂಬ್ಲೋ, ನಿನ್ನ ಪ್ರೋಗ್ರಾಂ ನಂಬ್ಲೋ ಮಾರಾಯ?" ಎಂದು ಕೇಳಿದರು. ಗಿರಿಜೆ ಫೋನ್ ಕಿತ್ತುಕೊಂಡು, "ಅಣ್ಣ, ನನ್ನ ಪಟ್ಟಿಗೆ ಇಪ್ಪತ್ತು ಸೆಂಟ್ ಸಾಕಂತೆ, ಮರೀಬೇಡ" ಎಂದಳು. "ಆಯ್ತು ಕಣವ್ವ, ಬುಡು" ಎಂದರು ಅವರು. ನೀರು ಅವಳ ಪಟ್ಟಿ ಮುಟ್ಟುವ ಮೊದಲೇ ಕೆರೆ ಬತ್ತಿತು.

ಹೂವಾದ ದಿನ ಮೇಲಿನ ಬ್ಲಾಕುಗಳು ಮಲ್ಲಿಗೆ ಸುರಿದಂತಿದ್ದವು. ಗಿರಿಜೆಯ ಪಟ್ಟಿಯಲ್ಲಿ ಅರ್ಧ ಬಿರಿದ ಮೊಗ್ಗುಗಳು ಕಂದು ಬಣ್ಣಕ್ಕೆ ತಿರುಗಿ ನಿಂತಿದ್ದವು. ಅವಳು ಕೂರಲಿಲ್ಲ. ನೇರ ಅಣ್ಣನ ಮನೆಗೆ ಬಂದು, "ಮೇಲಿನ ಬ್ಲಾಕಿಗೆಲ್ಲ ನೀರಿತ್ತು, ನನ್ನ ಪಟ್ಟಿಗೆ ಮಾತ್ರ ಇರ್ಲಿಲ್ಲ, ಅಲ್ವೇನಣ್ಣ?" ಎಂದಳು. "ನನ್ನ ಯಾಕೆ ಕೇಳ್ತೀಯ? ನಿನ್ನ ಗಂಡನ್ನ ಕೇಳು" ಎಂದರು ಭಾವ. "ನಮ್ಮನೆಯವ್ರ ಲೆಕ್ಕದಲ್ಲಿ ತಪ್ಪೇ ಇರ್ಲಿಲ್ಲ, ನಾನೇ ಕಣ್ಣಾರೆ ನೋಡೀನಿ. ಕಂಪ್ಯೂಟರ್ ಬರೀ ನೆಪ, ನಿಂಗೆ ಕೊಡೋ ಮನಸ್ಸಿರ್ಲಿಲ್ಲ." ಮದುವೆಯಾದಂದಿನಿಂದ ಅವಳು ನನ್ನ ಪರವಾಗಿ ಆಡಿದ ಮೊದಲ ಮಾತು ಅದು. ಆ ಮಾತಿಗೇ ತವರು ಕಡಿದುಹೋಯಿತು. ಅಂಥ ಹೊತ್ತಿನಲ್ಲಿ ಹೊಗಳಿಸಿಕೊಳ್ಳುವ ದುರದೃಷ್ಟ ಯಾರಿಗೂ ಬೇಡ.

ತಿಳಿಹೇಳಲು ನಾನು ಮಾಡದ ಪ್ರಯತ್ನವಿಲ್ಲ. ಬರೆದದ್ದು ಒಂದೇ, ಒಬ್ಬ ದುಭಾಷಿ ಮೇಲಕ್ಕೇರಿಸಿದ, ಇನ್ನೊಬ್ಬ ಕೆಳಕ್ಕಿಳಿಸಿದ, ಮೂರನೆಯವನು ಇದ್ದದ್ದು ಹೇಳಿದ ಎಂದು ಕಾಫಿ ಲೋಟಗಳನ್ನು ಸಾಲಾಗಿಟ್ಟು ವಿವರಿಸಿದೆ. "ಒಂದೇ ಬರಹ ಮೂರು ಥರ ಹೇಳ್ತದಾ? ನನ್ನ ಕಿವಿಗೆ ಹೂವಿಡ್ಬೇಡಿ. ನಮ್ಮಣ್ಣನ್ನ ಉಳಿಸೋಕೆ ನಿಮ್ಮನ್ನ ನೀವೇ ಬೈಕೋಬೇಡಿ" ಎಂದು ಅವಳು ಲೋಟಗಳನ್ನೆತ್ತಿಕೊಂಡು ಒಳಗೆ ಹೋದಳು. ಭಾವನ ಹತ್ತಿರ ಹೋದರೆ, "ಹಂಗಾರೆ ನನ್ನ ಯಂತ್ರಾನೇ ದಡ್ಡ ಅಂತೀಯ?" ಎಂದರು. ಎಲ್ಲ ಯಂತ್ರಕ್ಕೂ ಹೊಂದುವಂತೆ ಬರೆಯುವುದನ್ನು ಕಲಿತವನಿಗೆ ಇಬ್ಬರು ಮನುಷ್ಯರಿಗೆ ಹೊಂದುವಂತೆ ಒಂದು ಮಾತು ಹೇಳಲು ಬರಲಿಲ್ಲ.

ಈಗ ಅವರಿಬ್ಬರ ನಡುವೆ ಓಡಾಡುವ ಮಾತೆಲ್ಲ ನನ್ನ ಮೂಲಕವೇ. "ಆ ಪಟ್ಟಿ ಅವ್ರೇ ಇಟ್ಕೊಳ್ಳಲಿ, ನನ್ನ ಪಾಲಿಗೆ ಅಣ್ಣ ಸತ್ತ ಅನ್ನಿ" ಎನ್ನುತ್ತಾಳೆ ಇವಳು. ನಾನು ಅಂಗಡಿಗೆ ಹೋಗಿ ಫೋನ್ ತಿರುಗಿಸಿ, "ಭಾವ, ಗಿರಿಜಾ ಕ್ಷೇಮ ಕೇಳಿದ್ಳು" ಎನ್ನುತ್ತೇನೆ. "ಅವಳು ನನ್ನ ಮೆಟ್ಲು ತುಳಿಯೋದು ಬ್ಯಾಡ ಅಂತ ಹೇಳು" ಎನ್ನುತ್ತಾರೆ ಅವರು. ನಾನು ಮನೆಗೆ ಬಂದು, "ಮನೆಗೆ ಸುಣ್ಣ ಹೊಡೆಸ್ತಾ ಇದ್ದಾರಂತೆ, ಸ್ವಲ್ಪ ದಿನ ಬಿಟ್ಟು ಬಾ ಅಂದ್ರು" ಎನ್ನುತ್ತೇನೆ. ಬೈಗುಳವನ್ನೆಲ್ಲ ಸೊನ್ನೆ ಮಾಡುತ್ತೇನೆ, ಎಲ್ಲಾದರೂ ತುಸು ಅಕ್ಕರೆ ಕಂಡರೆ ಇಂಚಿಗೇರಿಸುತ್ತೇನೆ. ಇದರಿಂದ ಮನೆ ಉಳಿಯಿತೆಂದೇನೂ ಅಲ್ಲ. ತಂಗಿಗೆ ಇಷ್ಟು ನೋವಾಗಿದೆಯೆಂದು ಅಣ್ಣನಿಗೆ ತಿಳಿಯದು, ಅಣ್ಣ ಇಷ್ಟು ಕುದಿಯುತ್ತಿದ್ದಾರೆಂದು ತಂಗಿಗೆ ತಿಳಿಯದು. ಹಾಗಾಗಿ ಇಬ್ಬರೂ ಹೆಜ್ಜೆ ಮುಂದಿಡುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು. ಆದರೂ ಇದ್ದದ್ದನ್ನು ಇದ್ದಂತೆ ಹೇಳುವ ಧೈರ್ಯ ನನ್ನ ಅಂಗಡಿಯ ಯಂತ್ರಕ್ಕಿದೆಯೇ ಹೊರತು ನನಗಿಲ್ಲ.

ಮೊನ್ನೆ ಮತ್ತೆ ಹೂಮಳೆ ಬಿತ್ತು. ಭಾವನಿಗೆ ಫೋನ್ ಮಾಡಿ ಮನೆಗೆ ಬಂದು ಕೂತೆ. ಗಿರಿಜೆ ಅಕ್ಕಿ ಆರಿಸುತ್ತ ಕೂತಿದ್ದವಳು ತಲೆಯೆತ್ತದೆ, "ಅಣ್ಣ ಏನಂದ? ನನ್ನ ಕೇಳಿದ್ನಾ?" ಎಂದಳು. ಅವರು ಅವಳ ಹೆಸರೆತ್ತಿದೊಡನೆ ಫೋನ್ ಇಟ್ಟುಬಿಟ್ಟಿದ್ದರು. "ಕೇಳದೆ ಇರ್ತಾರಾ? ಪಟ್ಟಿ ನೋಡೋಕೆ ಯಾವಾಗ ಬರ್ತಾಳೆ ಅಂದ್ರು" ಎಂದೆ. ಅವಳು ಮೊರವನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

"ಇದು ಯಾವ ಯಂತ್ರದ ಉತ್ತರ?" ಎಂದಳು.

ನಾನು ಅಂಗಡಿಯ ಬೀಗದ ಕೈ ಹುಡುಕುವವನಂತೆ ಎದ್ದುಬಿಟ್ಟೆ.