ಕಲ್ಲಿನಾಥ ಮಾಸ್ತರರ ಬರೆಯುವ ಕೋಣೆ

ಎಂಟು ವರ್ಷಗಳ ಹಿಂದೆ ಕಲ್ಲಿನಾಥ ಮಾಸ್ತರರು ಕರಜಗಿಯ ತಮ್ಮ ಮನೆಯಲ್ಲಿ ತೊಗರಿ ಚೀಲ ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಇನ್ನು ಮೇಲೆ ಇದು ಬರೆಯುವ ಕೋಣೆ ಎಂದು ಸಾರಿದರು. ಅಂದಿನಿಂದ ಅಲ್ಲಿ ಮೂರು ಕತೆ ಹುಟ್ಟಿದವು. ಮೂರನ್ನೂ ಪತ್ರಿಕೆಯ ಸಂಪಾದಕರು ಮರ್ಯಾದೆಯಿಂದ ವಾಪಸ್ ಕಳಿಸಿದರು.

ತಪ್ಪು ತಮ್ಮದಲ್ಲ, ವಾತಾವರಣದ್ದು ಎಂದು ಮಾಸ್ತರರಿಗೆ ಖಾತ್ರಿಯಿತ್ತು. ಆಡು ಅರಚುತ್ತವೆಂದು ಕಿಟಕಿ ಮುಚ್ಚಿಸಿದರು. ಬರೆಯುವಾಗ ಕಣ್ಣು ಅತ್ತ ಹೋಗುತ್ತದೆಂದು ಗೋಡೆಯ ಕ್ಯಾಲೆಂಡರ್ ತೆಗೆಸಿದರು. ಕಿರುಗುಡುತ್ತದೆಂದು ಫ್ಯಾನ್ ಆರಿಸಿದರು. ಕಡೆಗೆ ಕೋಣೆಯಲ್ಲಿ ಉಳಿದದ್ದು ಒಂದು ಮೇಜು, ಒಂದು ಕುರ್ಚಿ ಮತ್ತು ಬೆವರುವ ಮಾಸ್ತರರು.

ಅವರ ಹೆಂಡತಿ ವಿಜಯಶ್ರೀ ಓಣಿಯ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ನಾಲ್ಕು ಮಶೀನು ಪಡಸಾಲೆಯಲ್ಲಿ ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಎಂಟು ವರ್ಷ ಸುಮ್ಮನಿದ್ದವಳು ಈ ಸಲ ಮಾತು ಮುಗಿಸಿಬಿಟ್ಟಳು. ಅದೇ ಪತ್ರಿಕೆಯ ವಿಶೇಷಾಂಕಕ್ಕೆ ಕತೆ ಕಳಿಸಲು ಭಾನುವಾರ ಸಂಜೆ ಐದರವರೆಗೆ ಸಮಯವಿತ್ತು.

"ಐತವಾರ ಐದರೊಳಗ ಕತಿ ಹೋದ್ರ ಕೋಣಿ ನಿಮ್ದು. ಹೋಗಲಿಲ್ಲಂದ್ರ ಸೋಮವಾರ ನನ್ನ ಮಶೀನು ಒಳಗ ಬರ್ತಾವ," ಎಂದಳು.

ಭಾನುವಾರ ಬೆಳಿಗ್ಗೆ ಮಾಸ್ತರರು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕುಳಿತರು. ಶೀರ್ಷಿಕೆ ಬರೆದು ಅಡಿಗೆರೆ ಎಳೆದರು. ಅಷ್ಟರಲ್ಲಿ ಪಕ್ಕದ ಮನೆಯ ಅಣ್ಣಾರಾಯ ಸ್ಲ್ಯಾಬ್ ಹಾಕಿಸಲು ತರಿಸಿದ್ದ ಕಾಂಕ್ರೀಟ್ ಮಶೀನು ಶುರುವಾಯಿತು. ಸದ್ದು ಸಾಲದೆಂಬಂತೆ, ಸದ್ದಿಗೆ ಬೇಜಾರಾಗಬೇಡಿ ಎಂದು ಹೇಳಲು ಸ್ವತಃ ಅಣ್ಣಾರಾಯನೇ ಬಂದ. ಬಂದವನು ಮುಕ್ಕಾಲು ತಾಸು ಕುಳಿತು ಬೇಜಾರಾಗಬೇಡಿ ಎಂದೇ ಹೇಳಿದ. ಅವನು ಎದ್ದ ಕೂಡಲೇ ಮಾಸ್ತರರು ರಟ್ಟು, ಹಾಳೆ, ಪೆನ್ನು ಬಗಲಲ್ಲಿಟ್ಟುಕೊಂಡು ಬಸ್ ಹತ್ತಿದರು. ತಮ್ಮ ಗುರುತೇ ಇಲ್ಲದ ಊರಿನಲ್ಲಿ ಕೂತರೆ ಯಾರೂ ಮಾತನಾಡಿಸುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಗೊಬ್ಬೂರದಲ್ಲಿ ಇಳಿದು, ಊರ ಹೊರಗೆ ಒಂದು ಬೇವಿನ ಮರದ ಕಟ್ಟೆ ಕಂಡು, ಬಿಳಿ ಹಾಳೆ ಹರವಿಕೊಂಡು ಕುಳಿತರು.

ಇಲ್ಲಿ ಅವರು ದೊಡ್ಡ ತಪ್ಪು ಮಾಡಿದರು. ನಮ್ಮ ಕಡೆ ಅಪರಿಚಿತನೊಬ್ಬ ಮರದ ಕೆಳಗೆ ಹಾಳೆ ಪೆನ್ನು ಹಿಡಿದು ಕೂತನೆಂದರೆ ಅವನು ಒಂದೋ ಸರ್ವೆಯವನು, ಇಲ್ಲವೇ ಅರ್ಜಿ ಬರೆಯುವವನು. ಮೂರನೆಯ ಜಾತಿಯ ಮನುಷ್ಯನನ್ನು ಆ ಕಟ್ಟೆ ಈವರೆಗೆ ಕಂಡಿರಲಿಲ್ಲ.

ಮೊದಲು ಬಂದವಳು ಹಜರಾಬಿ ಎಂಬ ಮುದುಕಿ. ಸೆರಗಿನಿಂದ ಆಧಾರ್ ಕಾರ್ಡಿನ ಝೆರಾಕ್ಸ್ ಬಿಚ್ಚಿ ಮುಂದಿಟ್ಟಳು. ತಾನು ಸರ್ಕಾರದವನಲ್ಲ, ಕತೆ ಬರೆಯಲು ಬಂದವನು ಎಂದು ಮಾಸ್ತರರು ವಿವರಿಸಿದರು. ಅವಳು ಸಮಾಧಾನದಿಂದ ಎಲ್ಲವನ್ನೂ ಕೇಳಿ, ಹಾಗಿದ್ದರೆ ಮೊದಲು ತನ್ನದನ್ನು ಬರೆದು ಆಮೇಲೆ ಕತೆ ಬರೆಯಿರಿ, ತನಗೇನೂ ಅವಸರವಿಲ್ಲ ಎಂದು ಎದುರಿಗೇ ಕೂತಳು.

ಮಾಸ್ತರರು ಬರೆಯಲಾರೆ ಎಂದದ್ದು ಊರೊಳಗೆ ಹೋಗುವಷ್ಟರಲ್ಲಿ, ಕೆಲವರ ಹೆಸರು ಮಾತ್ರ ಬರೆದುಕೊಳ್ಳುತ್ತಾರಂತೆ ಎಂದಾಗಿತ್ತು. ಹನ್ನೆರಡರ ಹೊತ್ತಿಗೆ ಕಟ್ಟೆಯ ಮುಂದೆ ಇಪ್ಪತ್ತೈದು ಮಂದಿಯ ಸಾಲು. ಸಾಲಿನಲ್ಲಿ ನಿಂತು ಸುಸ್ತಾದವರು ತಮ್ಮ ಬದಲು ಚಪ್ಪಲಿ ಇಟ್ಟು ನೆರಳಿಗೆ ಹೋಗಿದ್ದರು. ಯಾರೋ ಮಾಸ್ತರರಿಗೆ ಚಹಾ ತಂದರು. ಚಹಾ ಕುಡಿದ ಮೇಲೆ ಇಲ್ಲ ಎನ್ನುವ ಧೈರ್ಯ ಅವರಿಗೆ ಉಳಿಯಲಿಲ್ಲ.

ಹಜರಾಬಿಯ ತಕರಾರು ಹೀಗಿತ್ತು. ಅವಳ ರೇಷನ್ ಕಾರ್ಡಿನಲ್ಲಿ ಹೆಸರು ಅವಳದೇ, ಫೋಟೊ ಮಾತ್ರ ಸೊಸೆ ಮೆಹನಾಜಳದು. ಇಬ್ಬರೂ ಬಂದು ನಿಂತರೆ ಮಾತ್ರ ಅಕ್ಕಿ ಎಂದು ಅಂಗಡಿಯವನ ಹಟ. ಅತ್ತೆ ಸೊಸೆ ಬೇರೆ ಮನೆ ಮಾಡಿ, ಮಾತು ಬಿಟ್ಟು ನಾಲ್ಕು ವರ್ಷ. ಆದರೂ ಪ್ರತಿ ತಿಂಗಳು ಇಬ್ಬರೂ ತುಟಿ ಬಿಚ್ಚದೆ ಅಂಗಡಿಯವರೆಗೆ ಕೂಡಿಯೇ ನಡೆಯಬೇಕು. ಫೋಟೊ ಬದಲಿಸಿ ಈ ಕಾಟ ತಪ್ಪಿಸಿ ಎಂದು ಅರ್ಜಿ. ಮಾಸ್ತರರು ಬರೆದರು, ಅವಳು ಹೆಬ್ಬೆಟ್ಟು ಒತ್ತಿ ಅವರ ಕೈಗೇ ಕೊಟ್ಟಳು.

ಸಾಲಿನಲ್ಲಿ ಏಳನೆಯವಳಾಗಿ ಮೆಹನಾಜಳೇ ಬಂದಳು. ಅತ್ತೆ ದೂರವಿರುವುದನ್ನು ನೋಡಿಕೊಂಡು ಬಗ್ಗಿದಳು.

"ಸಾಹೇಬ್ರ, ಅತ್ತಿ ಕೊಟ್ಟಿದ್ದ ಅರ್ಜಿ ಕಳಿಸಬ್ಯಾಡ್ರಿ. ಫೋಟೊ ಸರಿ ಆದ್ರ ಅವರು ನನ್ ಕೂಡ ಯಾಕ ನಡೀತಾರ? ತಿಂಗಳಿಗೊಮ್ಮಿ ಅದೊಂದೇ ಅದ ನಮಗ."

ಎಂಟು ವರ್ಷ ಮುಚ್ಚಿದ ಕಿಟಕಿಯೊಳಗೆ ಬಾರದ ಕತೆ ಮಾಸ್ತರರ ಕೈಗೆ ಆಗ ಬಂತು. ಮೊಣಕೈ ತಾಗಿಸಿ ನಿಂತ ಮಂದಿ, ಅಳುವ ಕೂಸು, ಕಟ್ಟೆಯ ಮೇಲೇರಿದ ಆಡು, ಯಾವುದರ ಪರಿವೆಯೂ ಇಲ್ಲದೆ ಬರೆಯತೊಡಗಿದರು. ಸಾಹೇಬರು ವೇಗ ಹಿಡಿದರೆಂದು ಸಾಲಿನವರಿಗೂ ಸಂತೋಷವಾಯಿತು. ನಾಲ್ಕು ಗಂಟೆಗೆ ಒಂಬತ್ತು ಹಾಳೆ ತುಂಬಿದವು.

ಅಷ್ಟೊತ್ತಿಗೆ ಪಂಚಾಯತಿ ಮೆಂಬರ್ ಪರಮೇಶ ಬಂದ. ಯಾರ ಆರ್ಡರ್ ಮೇಲೆ ಬರೆಯುತ್ತಿದ್ದೀರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಊರಿನ ಕಂದಾಯ ನೋಡುವ ತಲಾಟಿಗೆ ಫೋನ್ ಹಚ್ಚಿದ. ಐತವಾರ ನಮ್ಮವರು ಯಾರೂ ಕೆಲಸ ಮಾಡುವುದಿಲ್ಲ, ಮಾಡುತ್ತಿದ್ದರೆ ಅವನು ನಮ್ಮವನಲ್ಲ ಎಂದು ತಲಾಟಿ ಸ್ಪಷ್ಟವಾಗಿ ಹೇಳಿದ. ಪರಮೇಶ ಹಾಳೆಗಳನ್ನು ಕಸಿದುಕೊಂಡು, ಆಧಾರ್ ನಂಬರ್ ಕದ್ದಿದ್ದಾನೋ ನೋಡೋಣವೆಂದು ಎಲ್ಲರಿಗೂ ಕೇಳುವಂತೆ ಓದತೊಡಗಿದ.

ಮಾಸ್ತರರು ಕತೆಯಲ್ಲಿ ಹೆಸರು ಬದಲಿಸಿದ್ದರು ನಿಜ, ಆದರೆ ಎರಡನೆಯ ಹಾಳೆಗೇ ಊರಿಗೆಲ್ಲ ಗುರುತು ಸಿಕ್ಕಿತು. ಮೆಹನಾಜ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪರಮೇಶನ ದನಿಯೂ ಓದುತ್ತ ಓದುತ್ತ ಸಣ್ಣದಾಯಿತು. ಓದು ಮುಗಿದಾಗ ಎಲ್ಲರೂ ಹಜರಾಬಿಯ ಕಡೆ ನೋಡಿದರು. ಅವಳು ಸೊಸೆಯನ್ನು ನೋಡಲಿಲ್ಲ, ಮಾತೂ ಆಡಿಸಲಿಲ್ಲ. ಎದ್ದು ಮಾಸ್ತರರ ಮುಂದೆ ಕೈ ಚಾಚಿದಳು.

"ನನ್ನ ಅರ್ಜಿ ಕೊಡ್ರಿ ಇತ್ಲಾಗ. ಫೋಟೊ ಹಂಗೇ ಇರ್ಲಿ."

ಐದಕ್ಕೆ ಹತ್ತು ನಿಮಿಷ ಉಳಿದಿತ್ತು. ಪರಮೇಶನೇ ಒಂಬತ್ತು ಹಾಳೆಗಳನ್ನು ಒಂದೊಂದಾಗಿ ಹಿಡಿದು ನಿಂತ, ಮಾಸ್ತರರು ಫೋಟೊ ತೆಗೆದು ಸಂಪಾದಕರಿಗೆ ವಾಟ್ಸಾಪಿನಲ್ಲಿ ಕಳಿಸಿದರು. ಉಳಿದ ಅರ್ಜಿಗಳನ್ನು ಸೋಮವಾರ ತಾನೇ ಕಚೇರಿಗೆ ಮುಟ್ಟಿಸುವುದಾಗಿ ಅವನು ಒಪ್ಪಿಕೊಂಡ.

ಮಾಸ್ತರರು ಕರಜಗಿಯಲ್ಲಿ ಬಸ್ಸಿಳಿದು, ಗೆದ್ದ ಪೈಲ್ವಾನನ ಹಾಗೆ ಎದೆ ಮುಂದೆ ಮಾಡಿ ಮನೆ ಹೊಕ್ಕರು. ಕತೆ ಹೋದ ಸಮಯವನ್ನು ಫೋನಿನಲ್ಲೇ ತೋರಿಸಿದರು. ವಿಜಯಶ್ರೀ ನೋಡಿ, ತಾನು ಮಾತಿಗೆ ತಪ್ಪುವವಳಲ್ಲ, ಕೋಣೆ ನಿಮ್ಮದೇ ಎಂದು ಒಪ್ಪಿಕೊಂಡಳು. ಅದೇ ಹೊತ್ತಿಗೆ ಸಂಪಾದಕರ ಫೋನ್ ಬಂತು. ಎಂಟು ವರ್ಷದಲ್ಲಿ ಅವರು ತಾವಾಗಿ ಫೋನ್ ಮಾಡಿದ್ದು ಇದೇ ಮೊದಲು. ಹೆಂಡತಿಯೂ ಕೇಳಲೆಂದು ಮಾಸ್ತರರು ಸ್ಪೀಕರ್ ಒತ್ತಿದರು.

ಕತೆ ಸ್ವೀಕಾರವಾಗಿದೆ ಎಂದರು ಸಂಪಾದಕರು. ಎಲ್ಲಿ ಕೂತು ಬರೆದಿರಿ ಎಂದು ಕೇಳಿದರು. ಮಾಸ್ತರರು ಹಿಗ್ಗಿನಿಂದ ಮರ, ಮಂದಿ, ಆಡು, ಎಲ್ಲವನ್ನೂ ವರ್ಣಿಸಿದರು.

"ಅದಕ್ಕೇ ಇಷ್ಟು ಚೆನ್ನಾಗಿ ಬಂದಿದೆ. ನಿಮ್ಮ ಹಿಂದಿನ ಕತೆಗಳಲ್ಲಿ ಉಸಿರೇ ಆಡುತ್ತಿರಲಿಲ್ಲ. ಇನ್ನು ಮೇಲೆ ದಯವಿಟ್ಟು ಕೋಣೆಯೊಳಗೆ ಕೂತು ಬರೆಯಬೇಡಿ," ಎಂದು ಅವರು ಫೋನ್ ಇಟ್ಟರು.

ವಿಜಯಶ್ರೀ ಎದ್ದು, ಪಡಸಾಲೆಯ ಮೊದಲನೆಯ ಮಶೀನಿನ ಒಂದು ತುದಿ ಹಿಡಿದುಕೊಂಡಳು.

"ಆ ಕಡಿ ನೀವು ಜರಾ ಹಿಡೀರಿ," ಎಂದಳು. "ದೊಡ್ಡವರು ಹೇಳ್ಯಾರ."

ಮಾಸ್ತರರು ಹಿಡಿದರು. ಸ್ಪೀಕರ್ ಒತ್ತಿದ್ದು ತಾವೇ ಆದ್ದರಿಂದ, ಈ ಸಲ ವಾತಾವರಣದ ಮೇಲೆ ತಪ್ಪು ಹಾಕಲು ಅವರಿಗೆ ದಾರಿಯಿರಲಿಲ್ಲ.