ಹದಿನಾಲ್ಕನೇ ನಂಬರ್ ಬಯಲಿನ ಒಕ್ಕೂಟ ಪ್ರವೇಶ

ನೆಬ್ರಾಸ್ಕದ ನಮ್ಮ ಬ್ಲೂಸ್ಟೆಮ್ ವಿಶ್ವವಿದ್ಯಾಲಯಕ್ಕೆ ಅತಿ ಸಮೀಪದ ಸಮುದ್ರ ಎಂಟುನೂರು ಮೈಲಿ ದೂರದಲ್ಲಿದೆ. ಈ ಸಾಮೀಪ್ಯವನ್ನು ಪರಿಗಣಿಸಿ ಕಳೆದ ವರ್ಷ ನಮ್ಮನ್ನು ಸಾಗರತೀರ ಕ್ರೀಡಾ ಒಕ್ಕೂಟಕ್ಕೆ ಸೇರಿಸಿಕೊಳ್ಳಲಾಯಿತು.

ಮೊದಲು ನಾವು 'ಹುಲ್ಲುಗಾವಲು ಹತ್ತು' ಒಕ್ಕೂಟದಲ್ಲಿದ್ದೆವು. ಅದರಲ್ಲಿ ಹದಿಮೂರು ಕಾಲೇಜುಗಳಿದ್ದವು. ಅಲ್ಲಿ ಟೀವಿ ವಾಹಿನಿ ಪ್ರತಿ ಕಾಲೇಜಿಗೆ ವರ್ಷಕ್ಕೆ ಒಂಬತ್ತು ಮಿಲಿಯನ್ ಡಾಲರ್ ಕೊಡುತ್ತಿತ್ತು, ಸಾಗರತೀರದಲ್ಲಿ ಮೂವತ್ತೊಂದು. ಹೆಚ್ಚಿಗೆ ಬಂದ ಇಪ್ಪತ್ತೆರಡು ಮಿಲಿಯನ್ ಹಳೆಯ ಒಕ್ಕೂಟ ಬಿಟ್ಟ ದಂಡಕ್ಕೂ, ವಿಮಾನಗಳಿಗೂ, ಹೆಚ್ಚಿಗೆ ಬಂದ ಹಣ ನೋಡಿಕೊಳ್ಳಲು ನೇಮಿಸಿದ ಅಧಿಕಾರಿಗಳಿಗೂ ಸರಿಹೋಯಿತು. ಕ್ರೀಡಾ ಕಚೇರಿಯ ಗುಮಾಸ್ತನಾಗಿ ನಾನೇ ಬೆರಳಚ್ಚು ಮಾಡಿದ ಲೆಕ್ಕವಿದು.

ಹನ್ನೊಂದು ಮೈಲಿ ಆಚೆಯ ಕಾಟನ್‌ವುಡ್ ಕಾಲೇಜು ಮಾತ್ರ ಹಳೆಯ ಒಕ್ಕೂಟದಲ್ಲೇ ಉಳಿಯಿತು. ತೊಂಬತ್ಮೂರು ವರ್ಷಗಳಿಂದ ಪ್ರತಿ ನವೆಂಬರ್‌ನಲ್ಲಿ ಅವರೊಂದಿಗೆ ನಡೆಯುತ್ತಿದ್ದ ಫುಟ್‌ಬಾಲ್ ಪಂದ್ಯಕ್ಕೆ ಹೊಸ ಒಕ್ಕೂಟದ ಪಂದ್ಯಪಟ್ಟಿಯಲ್ಲಿ ಜಾಗವಿಲ್ಲದಾಯಿತು.

ವರ್ನಾ ಶೂಲ್ಟ್ಸ್ ಕಚೇರಿಗೆ ಬಂದರು. ಎಪ್ಪತ್ತೊಂದು ವರ್ಷದ ಈಕೆ ಪಂದ್ಯದ ದಿನ ಕ್ರೀಡಾಂಗಣದ ಹದಿನಾಲ್ಕನೇ ನಂಬರ್ ಪಾರ್ಕಿಂಗ್ ಬಯಲಿನಲ್ಲಿ ಒಲೆ ಹೂಡಿ, ಚಿಲ್ಲಿ ಎಂಬ ಖಾರದ ಮಾಂಸದ ಗೊಜ್ಜು ಕುದಿಸಿ, ದಾಲ್ಚಿನ್ನಿ ಬನ್ನಿನ ಜೊತೆ ಬಡಿಸುವವರು. ನಾದಿನಿ ಐಲೀನ್ ಕಾಟನ್‌ವುಡ್‌ನವರು. ಹೊಲ ಪಾಲಾದಾಗಿನಿಂದ ಎರಡೂ ಮನೆಗಳ ನಡುವೆ ಮಾತಿಲ್ಲ. ಆ ಒಂದು ದಿನ ಮಾತ್ರ ಇಬ್ಬರೂ ಒಂದೇ ಪಾತ್ರೆಯ ಮುಂದೆ ನಿಂತು, ಚಿಲ್ಲಿಗೆ ಕಾಳು ಹಾಕಲೇಬೇಕೆಂದು ಐಲೀನ್, ಕೂಡದೆಂದು ವರ್ನಾ ಜಗಳವಾಡುತ್ತಾರೆ.

"ಏನಪ್ಪಾ ಟ್ರೆಂಟ್," ಎಂದರು ನಮ್ಮ ಕ್ರೀಡಾ ನಿರ್ದೇಶಕರಿಗೆ, "ಪಕ್ಕದೂರು ಬಿಟ್ಟು ಸಮುದ್ರದಂಚಿನ ಓರೆಗನ್‌ಗೆ ಹೋಗಿ ಆಡ್ತೀರಂತೆ?"

"ಹನ್ನೊಂದು ಮೈಲಿಗೆ ಟೀವಿಯವ್ರು ಏನೂ ಕೊಡಲ್ಲಮ್ಮ. ದೂರ ಹೋದಷ್ಟೂ ರೇಟು."

"ಹಂಗಾದ್ರೆ ಚಂದ್ರನ ಮೇಲೆ ಆಡ್ರಪ್ಪ."

"ಅಲ್ಲಿ ವೀಕ್ಷಕರು ಕಮ್ಮಿ," ಎಂದರು ಟ್ರೆಂಟ್. ವಿಚಾರಿಸಿಯೇ ಹೇಳಿದಂತಿತ್ತು.

"ಆಟ ಇಲ್ದಿದ್ರೆ ಕತ್ತೆ ಬಾಲ. ನಾನಂತೂ ಒಲೆ ಹಚ್ತೀನಿ."

ನವೆಂಬರ್‌ನಲ್ಲಿ ಹಚ್ಚಿದರು. ಐಲೀನ್ ಬಂದರು. ಹಿಂದೆಯೇ ಎರಡೂ ಊರಿನ ನಾಲ್ಕು ಸಾವಿರ ಜನ ಬಂದರು. ಅತ್ತಿಗೆ ನಾದಿನಿಯರ ಕಾಳಿನ ಜಗಳವನ್ನು ಯಾರೋ ಫೋನಿನಲ್ಲಿ ಹರಿಯಬಿಟ್ಟರು. ಹನ್ನೊಂದು ಲಕ್ಷ ಜನ ನೋಡಿದರು. ಅದೇ ಹೊತ್ತಿಗೆ ಓರೆಗನ್‌ನಲ್ಲಿ ನಡೆದ ನಮ್ಮ ಪಂದ್ಯವನ್ನು ನೋಡಿದವರು ಎರಡು ಲಕ್ಷ.

ವಾಹಿನಿಯಿಂದ ಪತ್ರ ಬಂತು. ಹದಿನಾಲ್ಕನೇ ನಂಬರ್ ಬಯಲನ್ನು ಸಾಗರತೀರ ಒಕ್ಕೂಟದ ಹತ್ತೊಂಬತ್ತನೇ ಪೂರ್ಣ ಸದಸ್ಯನನ್ನಾಗಿ ಅಂಗೀಕರಿಸಲಾಗಿತ್ತು. ಊಟದ ಸಮಯವನ್ನು ಆರು ದಿನ ಮುಂಚೆ ವಾಹಿನಿಯೇ ಪ್ರಕಟಿಸತಕ್ಕದ್ದು. ಅಲ್ಲಿಯವರೆಗೆ ಯಾರೂ ಹಸಿಯತಕ್ಕದ್ದಲ್ಲ. ಐಲೀನ್ ಬೇರೆ ಒಕ್ಕೂಟದ ಊರಿನವರಾದ್ದರಿಂದ ಅವರ ಪಾಲಿನ ಜಗಳದ ಪ್ರಸಾರ ಹಕ್ಕು ಪ್ರತಿಸ್ಪರ್ಧಿ ವಾಹಿನಿಗೆ ಸೇರಿತ್ತು. ಹಾಗಾಗಿ ಅವರನ್ನು ಆಟಗಾರರ ವರ್ಗಾವಣೆ ಪಟ್ಟಿಯಲ್ಲಿ ನಮೂದಿಸಿ ನಮ್ಮೂರಿಗೆ ಪಡೆಯಬೇಕಾಯಿತು. ಫಾರಂ ಹಿಡಿದು ನಾನೇ ಹೋದೆ.

"ಅರವತ್ತೆಂಟಕ್ಕೆ ವರ್ಗಾವಣೆನಾ?" ಎಂದರು ಐಲೀನ್. "ಕೊಡು ಇಲ್ಲಿ. ಸಹಿ ಹಾಕ್ದೆ ಇದ್ರೆ ಆ ಪುಣ್ಯಾತ್ಗಿತ್ತಿನ ಇನ್ನೆಲ್ಲಿ ನೋಡ್ಲಿ?"

ಈ ನವೆಂಬರ್‌ನಲ್ಲಿ ಬಯಲಿನ ಮೊದಲ ಅಧಿಕೃತ ಊಟ ನಡೆಯಿತು. ಫುಟ್‌ಬಾಲ್ ಮೈದಾನದಲ್ಲಿ ನಿಲ್ಲುವ ಕೆಂಪು ಟೋಪಿಯವನನ್ನು ವಾಹಿನಿ ಪಾತ್ರೆಯ ಪಕ್ಕ ನಿಲ್ಲಿಸಿತ್ತು. ಟೀವಿಯಲ್ಲಿ ಜಾಹೀರಾತು ಓಡುವಷ್ಟು ಹೊತ್ತು ಆತ ಕೈ ಎತ್ತಿಕೊಂಡಿರುತ್ತಾನೆ. ಇಳಿಸುವ ತನಕ ಮೈದಾನದಲ್ಲಿ ಚೆಂಡು ಕದಲುವುದಿಲ್ಲ. ಇಲ್ಲಿ ಸೌಟು ಕದಲಬಾರದಿತ್ತು.

ಐಲೀನ್ ಬಟ್ಟಲು ಚಾಚಿದರು. "ಬಡಿಸು ಅತ್ತಿಗೆ, ಆರಿಹೋಗ್ತಿದೆ."

"ಇರೇ, ಅವನಿನ್ನೂ ಕೈ ಇಳಿಸಿಲ್ಲ."

ವರ್ನಾ ತುಂಬಿದ ಸೌಟನ್ನು ಗಾಳಿಯಲ್ಲೇ ಹಿಡಿದು ನಿಂತರು. ನಾಲ್ಕು ಸಾವಿರ ಜನ ಬಟ್ಟಲು ಹಿಡಿದು ಶಿಸ್ತಾಗಿ ನಿಂತರು. ಚಿಲ್ಲಿಯ ಮೇಲೆ ಕೆನೆಯಂತೆ ಕೊಬ್ಬು ಕಟ್ಟತೊಡಗಿತು.

"ಯಾವ ಜಾಹೀರಾತಂತೆ?" ಐಲೀನ್ ಪಿಸುಗುಟ್ಟಿದರು.

"ಡಬ್ಬಿ ಚಿಲ್ಲಿದು."

"ಅದರಲ್ಲಾದ್ರೂ ಕಾಳು ಹಾಕಿರ್ತಾರಾ?"

ವರ್ನಾರ ಬಾಯಿ ತೆರೆಯಿತು. ಕೆಂಪು ಟೋಪಿಯವನು ಅವರತ್ತ ನೋಡಿದ. ಜಗಳ ಕೂಡ ಪ್ರಸಾರದ ಆಸ್ತಿ, ಜಾಹೀರಾತಿನ ಹೊತ್ತಿನಲ್ಲಿ ಆಡುವಂತಿಲ್ಲವಾದ್ದರಿಂದ ಅವರು ಬಾಯಿ ಮುಚ್ಚಿಕೊಂಡರು. ನಾದಿನಿ ತಲೆದೂಗಿ, ಬಟ್ಟಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.